ಕಲೆಯೆಂದರೆ ಯಾವ ಕಲೆ?

ಮಾನ್ಯರೇ,

ಕೈಯಿಂದ ಮಾಡಿದ ಛಾಯಾಚಿತ್ರಗಳ ಪ್ರದರ್ಶನವೊಂದರಲ್ಲಿ ಬ್ರಶ್ಶಿನ ಗೀರು, ನೀರಿನ ಮಚ್ಚೆ, ಮಸುಕಾದ ಅಂಚುಗಳಿರುವ ಪ್ರಿಂಟುಗಳಿಗೂ ಬೆಲೆಚೀಟಿ ಅಂಟಿಸಿದ್ದನ್ನು ಕಂಡು, "ಕುಂಟುವ ಕುರ್ಚಿಯನ್ನು ಬಡಗಿ ಮಾರುವುದಿಲ್ಲ, ಕೆಟ್ಟ ಪ್ರಿಂಟನ್ನು ಕಲೆಯೆಂದು ಮಾರಬಹುದೇ?" ಎಂದು ಕೇಳಿದ್ದೀರಿ. ಕಲೆ ಎಂಬ ಒಂದೇ ಮಾತಿಗೆ ಕನ್ನಡದಲ್ಲಿ ಕಲಾಕೃತಿ, ಮಚ್ಚೆ ಎಂಬ ಎರಡೂ ಅರ್ಥಗಳಿರುವುದರಿಂದ ನಿಮ್ಮ ಪ್ರಶ್ನೆ ತಾನಾಗಿಯೇ ಚುರುಕಾಗಿದೆ.

ನಿಮ್ಮ ಕುರ್ಚಿಯನ್ನೇ ಹಿಡಿದು ಹೊರಡೋಣ. ಕುರ್ಚಿ ಕುಂಟಿದರೆ ಕೂರಲಾಗದು. ಅದರ ಬೆನ್ನಿನ ಮೇಲೆ ಉಳಿಯ ಗುರುತು ಕಂಡರೆ ಯಾರೂ ದೂರುವುದಿಲ್ಲ. ಪ್ರಿಂಟಿನ ದೋಷಗಳಲ್ಲೂ ಈ ಎರಡು ಬಗೆಗಳುಂಟು. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ, ನೀಲಿ ಬಣ್ಣದ ಚಿತ್ರ ಕೊಡುವ ಸಯಾನೊಟೈಪ್ ವಿಧಾನದಲ್ಲಿ ಕಬ್ಬಿಣದ ಲವಣಗಳ ದ್ರಾವಣವನ್ನು ಕಾಗದಕ್ಕೆ ಬಳಿದು, ಒಣಗಿದ ಮೇಲೆ ನೆಗೆಟಿವ್ ಇಟ್ಟು, ಬಿಸಿಲಿಗೊಡ್ಡಿ, ನೀರಿನಲ್ಲಿ ತೊಳೆಯುತ್ತಾರೆ. ಅಂಚಿನಲ್ಲಿ ಉಳಿಯುವ ಬ್ರಶ್ಶಿನ ಗೀರು ಉಳಿಯ ಗುರುತಿನಂಥದ್ದು. ಅದು ಬೆಳೆಯುವುದಿಲ್ಲ, ಹರಡುವುದಿಲ್ಲ. ಆದರೆ ತೊಳೆಯುವಾಗ ಅವಸರಪಟ್ಟು ಲವಣವನ್ನು ಕಾಗದದಲ್ಲೇ ಬಿಟ್ಟರೆ ಬಿಳಿಯ ಭಾಗಗಳು ಬೆಳಕಿಗೆ ಮೆಲ್ಲಗೆ ನೀಲಿಗಟ್ಟತೊಡಗುತ್ತವೆ. ಬೆಳ್ಳಿಯ ಲವಣಗಳಿಂದ ಮಾಡುವ ಪ್ರಿಂಟಿನಲ್ಲಿ, ಚಿತ್ರವನ್ನು ಸ್ಥಿರಗೊಳಿಸಲು ಬಳಸುವ ಹೈಪೊ ಎಂಬ ರಾಸಾಯನಿಕ ಉಳಿದುಕೊಂಡರೆ ಹಳದಿ ಏಳುತ್ತದೆ, ಚಿತ್ರವೇ ಮಾಸುತ್ತದೆ. ಇವು ಕುಂಟುವ ಕುರ್ಚಿಗಳು. ಕೊಂಡವರ ಗೋಡೆಯ ಮೇಲೆ ಕೆಡುತ್ತಲೇ ಹೋಗುವ ಪ್ರಿಂಟನ್ನು ಆ ಸಂಗತಿ ತಿಳಿಸದೆ ಮಾರುವುದು, ಅದು ಎಷ್ಟೇ ಸುಂದರವಾಗಿರಲಿ, ಮೋಸವೇ.

ಉಳಿಯ ಗುರುತಿನಂಥ ದೋಷಕ್ಕೆ ಎಲ್ಲರೂ ಕರೆಯುವ ಸಾಕ್ಷಿ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. ಆಕೆಯ ಭಾವಚಿತ್ರಗಳಲ್ಲಿ ಕೊಲೋಡಿಯನ್ (ನೆಗೆಟಿವಿನ ಗಾಜಿಗೆ ಬಳಿಯುವ ಅಂಟು ದ್ರಾವಣ) ಹರಿದ ಗೆರೆ, ಬೆರಳಚ್ಚು, ಗೀರು ಎಲ್ಲವೂ ಇವೆ. ಛಾಯಾಗ್ರಹಣದ ಪತ್ರಿಕೆಗಳು ಅದನ್ನು ಒರಟು ಕೆಲಸವೆಂದು ಜರಿದವು. ಆದರೆ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ 1865ರಲ್ಲೇ ಆಕೆಯ ಚಿತ್ರಗಳನ್ನು ಕೊಂಡಿತು. (ಆಕೆಯ ದೋಷಗಳು ಹೆಚ್ಚಾಗಿ ಗಾಜಿನ ನೆಗೆಟಿವಿನಲ್ಲೇ ಇದ್ದುದರಿಂದ ಪ್ರತಿ ಪ್ರಿಂಟಿನಲ್ಲೂ ಮರುಕಳಿಸುತ್ತವೆ ಎಂಬುದನ್ನು ಈ ಸಾಕ್ಷಿಯನ್ನು ಕರೆಯುವವರು ಮರೆಯುತ್ತಾರೆ.) ಆ ಮುಖಗಳ ಮೇಲಿನ ಬೆಳಕು ನಮ್ಮನ್ನು ಹಿಡಿದು ನಿಲ್ಲಿಸುವುದರಿಂದಲೇ ನಾವು ಬೆರಳಚ್ಚನ್ನು ಮನ್ನಿಸುತ್ತೇವೆ. ಹಿಡಿದು ನಿಲ್ಲಿಸುವಂಥದ್ದು ಏನೂ ಇಲ್ಲದ ಚಿತ್ರಕ್ಕೆ ಆಕೆಯ ಹೆಸರು ಗುರಾಣಿಯಾಗಲಾರದು.

ಮುಂದಿನ ಸಲ ಅಂಥ ಪ್ರಿಂಟು ಎದುರಾದಾಗ, ಅದೇ ನೆಗೆಟಿವಿನಿಂದ ತೆಗೆದ ಬೇರೆ ಪ್ರಿಂಟುಗಳನ್ನು ತೋರಿಸಲು ಕಲಾವಿದರನ್ನು ಕೇಳಿ. ಹತ್ತನ್ನು ಬದಿಗಿಟ್ಟು, ಮಚ್ಚೆಯಿದ್ದ ಇದೊಂದನ್ನೇ ಏಕೆ ಆರಿಸಿದೆನೆಂದು ಅವರು ಹೇಳಬಲ್ಲರಾದರೆ ಅದಕ್ಕೆ ಬೆಲೆಚೀಟಿ ಸಲ್ಲುತ್ತದೆ. ತೆಗೆದದ್ದೇ ಒಂದು, ಅದೂ ಕೆಟ್ಟಿತು ಎಂದಾದರೆ, ಅದನ್ನು ಪರೀಕ್ಷಾ ಪ್ರತಿಯೆಂದು ಬರೆದು ಕಡಿಮೆ ಬೆಲೆಗೆ ಮಾರುವುದಕ್ಕೆ ನನ್ನ ತಕರಾರಿಲ್ಲ.

– ಸಂಪಾದಕ