ಆಡುವವರ ಹೆಜ್ಜೆಗೆ ಕಾಯುವ ಸಂಗೀತ

ಈ ಸಲದ ಪತ್ರಗಳಲ್ಲಿ ಸಾಹಸಪ್ರಧಾನ ವಿಡಿಯೊ ಗೇಮ್‌ಗಳ ಸಂಗೀತವನ್ನು ಕುರಿತ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲ ಪ್ರಶ್ನೆಯ ಉತ್ತರ ಉದ್ದವಾಗಿದೆ. ಉಳಿದ ಮೂರಕ್ಕೂ ಅದೇ ತಳಹದಿಯಾದ್ದರಿಂದ ಅದನ್ನು ಮೊಟಕುಗೊಳಿಸಲು ಮನಸ್ಸಾಗಲಿಲ್ಲ.

ಪ್ರಶ್ನೆ: ಮೊಮ್ಮಗಳು ಗೇಮ್ ಆಡುವಾಗ ನಾನು ಪಕ್ಕದ ಕೋಣೆಯಲ್ಲಿ ಕುಳಿತು ಸಂಗೀತವನ್ನಷ್ಟೇ ಕೇಳಿಸಿಕೊಳ್ಳುತ್ತೇನೆ. ಅವಳು ಒಂದೇ ಜಾಗದಲ್ಲಿ ಅರ್ಧ ಗಂಟೆ ತಡಕಾಡಿದರೂ ಸಂಗೀತ ಸಾಗುತ್ತಲೇ ಇರುತ್ತದೆ. ಬೇರೆ ಮನೆಯೊಳಗೆ ಕಾಲಿಟ್ಟ ಕೂಡಲೇ ಎಲ್ಲಿಯೂ ತುಂಡಾಗದೆ ಬೇರೆ ಬಣ್ಣ ತಾಳುತ್ತದೆ. ಸಿನಿಮಾದಲ್ಲಾದರೆ ದೃಶ್ಯದ ಉದ್ದವನ್ನು ನೋಡಿ ಸಂಗೀತ ಕೂಡಿಸುತ್ತಾರೆ. ಇಲ್ಲಿ ಅವಳು ಯಾವಾಗ ಬಾಗಿಲು ತೆರೆಯುತ್ತಾಳೆಂಬುದು ಸಂಗೀತಕ್ಕೆ ಹೇಗೆ ತಿಳಿಯುತ್ತದೆ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ತಿಳಿಯುವುದಿಲ್ಲ. ಬಾಗಿಲು ಯಾವ ಕ್ಷಣದಲ್ಲಿ ತೆರೆದರೂ ಸಿದ್ಧವಿರುವಂತೆ ಅದನ್ನು ಬರೆದಿರುತ್ತಾರೆ, ಅಷ್ಟೆ. ನಿಮ್ಮ ಕಡೆಯವರಿಗೆ ಇದನ್ನು ಯಕ್ಷಗಾನದ ಮೂಲಕ ಹೇಳುವುದು ಸುಲಭ. ವೇಷಧಾರಿ ಕುಣಿತವನ್ನು ಬೆಳೆಸಿದರೆ ಭಾಗವತರು ಪದ್ಯದ ಸಾಲನ್ನು ಮತ್ತೊಮ್ಮೆ ಎತ್ತಿ ಹಾಡುತ್ತಾರೆ. ಅರ್ಥಗಾರಿಕೆ ಉದ್ದವಾದರೆ ಜಾಗಟೆಯೋ ತಾಳವೋ ಕೈಯಲ್ಲಿ ಹಿಡಿದು ಕಾಯುತ್ತಾರೆ. ಪ್ರಸಂಗ ಯುದ್ಧಕ್ಕೆ ಹೊರಳಿತೆಂದರೆ ಚೆಂಡೆಯ ಸದ್ದು ಮೇಲೇಳುತ್ತದೆ. ಪದ್ಯ ಮೊದಲೇ ರಚಿತವಾದದ್ದು, ಆದರೆ ಅದು ಎಷ್ಟು ಹೊತ್ತು ನಡೆಯಬೇಕು, ಎಲ್ಲಿ ತಿರುಗಬೇಕು ಎಂಬುದು ರಂಗದ ಮೇಲೆ ಆ ರಾತ್ರಿಯೇ ನಿರ್ಧಾರವಾಗುತ್ತದೆ. ಕಂಪ್ಯೂಟರಿನೊಳಗೆ ಇಂಥದೊಬ್ಬ ಭಾಗವತನನ್ನು ಕೂರಿಸುವುದು ಹೇಗೆಂಬುದೇ ಗೇಮ್ ಸಂಗೀತದವರನ್ನು ಬಹುಕಾಲ ಕಾಡಿದ ಪ್ರಶ್ನೆ.

ಅದಕ್ಕೆ ದೊರೆತ ಅಂದವಾದ ಉತ್ತರಗಳಲ್ಲಿ ಒಂದು ಅಮೆರಿಕದ ಲ್ಯೂಕಾಸ್‌ಆರ್ಟ್ಸ್ ಸಂಸ್ಥೆಯಲ್ಲಿ ಹುಟ್ಟಿತು. 1990ರಲ್ಲಿ ಬಂದ ಅವರ ಕಡಲ್ಗಳ್ಳರ ಹಾಸ್ಯಸಾಹಸ ‘ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್’ ಗೇಮ್‌ಗೆ ಸಂಗೀತ ನೀಡಿದವರಲ್ಲಿ ಪ್ರಮುಖರಾದ ಮೈಕೆಲ್ ಲ್ಯಾಂಡ್ ಅವರಿಗೆ, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದಾಗ ರಾಗ ಥಟ್ಟನೆ ಕಡಿದು ಹೊಸದು ಶುರುವಾಗುತ್ತಿದ್ದ ವ್ಯವಸ್ಥೆ ಸಮಾಧಾನ ಕೊಟ್ಟಿರಲಿಲ್ಲ. ಅವರು ಪೀಟರ್ ಮೆಕಾನೆಲ್ ಅವರೊಡನೆ ಸೇರಿ ಐಮ್ಯೂಸ್ ಎಂಬ ವ್ಯವಸ್ಥೆಯನ್ನು ರೂಪಿಸಿದರು. 1991ರಲ್ಲಿ ಹೊರಬಂದ ಎರಡನೆಯ ಮಂಕಿ ಐಲೆಂಡ್ ಅದನ್ನು ಬಳಸಿದ ಮೊದಲ ಗೇಮ್.

ಆ ಕಾಲದ ಗೇಮ್‌ಗಳಲ್ಲಿ ಸಂಗೀತ ಸಾಮಾನ್ಯವಾಗಿ ಮಿಡಿ ರೂಪದಲ್ಲಿರುತ್ತಿತ್ತು. ಅಂದರೆ ಡಿಸ್ಕಿನಲ್ಲಿ ಧ್ವನಿಮುದ್ರಣ ಇರುತ್ತಿರಲಿಲ್ಲ; ಯಾವ ವಾದ್ಯ ಯಾವ ಸ್ವರವನ್ನು ಎಷ್ಟು ಹೊತ್ತು ನುಡಿಸಬೇಕೆಂಬ ಬರಹವಷ್ಟೇ ಇದ್ದು, ಅದನ್ನು ಓದಿ ನುಡಿಸುವ ಕೆಲಸ ಕಂಪ್ಯೂಟರಿನ ಸೌಂಡ್ ಕಾರ್ಡಿನದಾಗಿತ್ತು. ಲ್ಯಾಂಡ್ ಮತ್ತು ಮೆಕಾನೆಲ್ ಆ ಬರಹದ ನಡುನಡುವೆ ಗುರುತುಗಳನ್ನು ನೆಟ್ಟರು. ಆಡುವವರು ಬಾಗಿಲು ತೆರೆದಾಗ ಗೇಮ್ ಆ ಸುದ್ದಿಯನ್ನು ಮುಟ್ಟಿಸುತ್ತದೆ, ಆದರೆ ಸಂಗೀತ ತಕ್ಷಣ ಜಿಗಿಯುವುದಿಲ್ಲ. ಸಾಗುತ್ತಿರುವ ಸಾಲು ಮುಂದಿನ ಗುರುತಿಗೆ ಬಂದು ತಲುಪಿದಾಗ, ಕಿವಿಗೆ ಸಹಜವೆನಿಸುವ ತಾಣದಲ್ಲಿ, ಒಂದು ಪುಟ್ಟ ಸೇತುವೆಯಂಥ ಸ್ವರಗುಚ್ಛವನ್ನು ದಾಟಿ ಹೊಸ ಭಾಗಕ್ಕೆ ಹೊರಳುತ್ತದೆ. ಬೇಕಾದರೆ ಒಂದು ವಾದ್ಯವನ್ನು ತೆಗೆಯಬಹುದು, ಇನ್ನೊಂದನ್ನು ಸೇರಿಸಬಹುದು, ಗತಿಯನ್ನೂ ಬದಲಿಸಬಹುದು.

ಇದರ ಪರಿಣಾಮವನ್ನು ಕೇಳಬೇಕಾದರೆ ಅದೇ ಗೇಮ್‌ನ ವುಡ್‌ಟಿಕ್ ಎಂಬ ಊರಿಗೆ ಹೋಗಬೇಕು. ಒಡೆದ ಹಡಗುಗಳನ್ನು ಜೋಡಿಸಿ ಕಟ್ಟಿದ ಆ ಕಡಲ್ಗಳ್ಳರ ಊರಿಗೆ ಒಂದು ಮೂಲ ಧಾಟಿಯಿದೆ. ನಾಯಕ ಬಡಗಿಯ ಅಂಗಡಿಗೆ ಹೊಕ್ಕರೆ ಅದೇ ಧಾಟಿ ಆ ಅಂಗಡಿಗೆ ತಕ್ಕ ರೂಪ ಪಡೆಯುತ್ತದೆ, ನಕ್ಷೆಗಾರನ ಕೋಣೆಗೆ ಹೋದರೆ ಮತ್ತೊಂದು ರೂಪ, ಹೊರಗೆ ಬಂದರೆ ಮತ್ತೆ ಊರಿನ ಧಾಟಿ. ಹತ್ತು ಸಲ ಒಳಹೊರಗೆ ಓಡಾಡಿದರೂ ಎಲ್ಲಿಯೂ ಹೊಲಿಗೆ ಕಾಣುವುದಿಲ್ಲ. ಹೀಗಾಗಿ ತೆರೆಯ ಮೇಲೆ ಒಂದಾದ ಮೇಲೊಂದು ಮೂಡುವ ಬೇರೆಬೇರೆ ಚಿತ್ರಗಳೆಲ್ಲ ಒಂದೇ ಊರು ಎಂಬ ಭಾವ ಬೇರೂರುತ್ತದೆ. ನನ್ನ ಮಟ್ಟಿಗೆ ವಾತಾವರಣವೆಂದರೆ ಇದು: ನೋಡುತ್ತಿರುವ ಕೋಣೆಯಾಚೆಗೂ ಊರು ಉಸಿರಾಡುತ್ತಿದೆ ಎಂದು ಕಿವಿ ನಂಬುವುದು. ಆ ಗೇಮ್‌ನ ಚಿತ್ರಗಳು ಇಂದಿನವರಿಗೆ ಒರಟಾಗಿ ಕಂಡಾವು, ಸಂಗೀತದ ಈ ನಂಬಿಕೆ ಮಾತ್ರ ಇನ್ನೂ ಮಾಸಿಲ್ಲ.

ಮುಂದೆ ಸಿಡಿ ಬಂದು ನಿಜವಾದ ವಾದ್ಯಗಳ ಧ್ವನಿಮುದ್ರಣ ಸಾಧ್ಯವಾದಾಗ ಸ್ವರಸ್ವರದ ಮೇಲಿನ ಈ ಹಿಡಿತ ಸಡಿಲಾಯಿತು. ಒಮ್ಮೆ ಮುದ್ರಿಸಿದ ಮೇಲೆ ಕೊಳಲನ್ನು ತಂತಿಯಿಂದ ಬಿಡಿಸುವುದು ಕಷ್ಟ. ಅದಕ್ಕೆ ಬದಲಾಗಿ ದೊರೆತದ್ದು ನಾದದ ಶ್ರೀಮಂತಿಕೆ. ಅದೇ ಮೆಕಾನೆಲ್ 1998ರ ‘ಗ್ರಿಮ್ ಫ್ಯಾಂಡ್ಯಾಂಗೊ’ ಗೇಮ್‌ನಲ್ಲಿ ಅದನ್ನು ಚೆನ್ನಾಗಿ ದುಡಿಸಿಕೊಂಡಿದ್ದಾರೆ. ಮೆಕ್ಸಿಕೊದ ಜನ ಆಚರಿಸುವ ಮೃತರ ದಿನದ ಕಲ್ಪನೆಯನ್ನೂ 1940ರ ದಶಕದ ಹಾಲಿವುಡ್ ಪತ್ತೇದಾರಿ ಚಿತ್ರಗಳ ಕತ್ತಲನ್ನೂ ಬೆರೆಸಿದ ಕತೆ ಅದು. ಸತ್ತವರ ಲೋಕದ ಪಯಣಕ್ಕೆ ಟಿಕೆಟ್ ಮಾರುವ ಅಸ್ಥಿಪಂಜರವೇ ನಾಯಕ. ಸಂಗೀತದಲ್ಲಿ ಒಂದೆಡೆ ಜಾಜ್, ಇನ್ನೊಂದೆಡೆ ಮೆಕ್ಸಿಕೊದ ಮಾರಿಯಾಚಿ. ಸ್ಯಾಕ್ಸೊಫೋನಿನ ಒಂದು ಎಳೆತಕ್ಕೇ ಮಂಜು ಕವಿದ ಬಂದರು ಪಟ್ಟಣ ಎದುರಿಗೆ ನಿಲ್ಲುತ್ತದೆ. ಸ್ವರಕ್ಕಿಂತ ಮೊದಲು ವಾದ್ಯದ ಕಂಠವೇ ಸ್ಥಳವನ್ನೂ ಕಾಲವನ್ನೂ ಹೇಳಿಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಪ್ರಶ್ನೆ: ಹಲವು ಹೆಸರಾಂತ ಗೇಮ್‌ಗಳಲ್ಲಿ ಬಹಳ ಹೊತ್ತು ಸಂಗೀತವೇ ಇರುವುದಿಲ್ಲ. ಇದು ಖರ್ಚು ಉಳಿಸುವ ಉಪಾಯವೇ?
– ಓದುಗರು, ಹಾಸನ

ಉತ್ತರ: ಅಗ್ಗದ ಗೇಮ್‌ಗಳಲ್ಲಿ ಹಾಗೂ ಇರಬಹುದು. ಆದರೆ ನೀವು ಹೇಳುವಂಥ ಗೇಮ್‌ಗಳಲ್ಲಿ ಮೌನವನ್ನು ಸಂಗೀತದಷ್ಟೇ ಎಚ್ಚರದಿಂದ ಅಳೆದು ಇಟ್ಟಿರುತ್ತಾರೆ. 2005ರಲ್ಲಿ ಜಪಾನಿನಿಂದ ಬಂದ ‘ಶ್ಯಾಡೊ ಆಫ್ ದಿ ಕೊಲೊಸಸ್’ ಗೇಮ್‌ನಲ್ಲಿ ನಾಯಕ ಕುದುರೆಯೇರಿ, ಜನರೇ ಇಲ್ಲದ ವಿಶಾಲ ನಾಡಿನಲ್ಲಿ ಬೆಟ್ಟದಂಥ 16 ದೈತ್ಯಜೀವಿಗಳನ್ನು ಹುಡುಕಿ ಕೊಲ್ಲಬೇಕು. ಹುಡುಕಾಟದ ಹೊತ್ತಿನಲ್ಲಿ ಗಾಳಿಯ ಸದ್ದು, ಗೊರಸಿನ ಸದ್ದು, ಅಷ್ಟೇ. ದೈತ್ಯ ಎದುರಾದಾಗ ಮಾತ್ರ ಕೋ ಓತಾನಿ ಅವರ ವಾದ್ಯಮೇಳ ಎದ್ದು ನಿಲ್ಲುತ್ತದೆ. ಕಿವಿ ಅಷ್ಟು ಹೊತ್ತು ಹಸಿದಿದ್ದರಿಂದ ಅದು ಇನ್ನೂ ದೊಡ್ಡದಾಗಿ ಕೇಳಿಸುತ್ತದೆ. ನನ್ನನ್ನು ಹೆಚ್ಚು ಕಲಕಿದ್ದು ಆಮೇಲಿನದು. ದೈತ್ಯ ಉರುಳಿದಾಗ ವಿಜಯದ ಕಹಳೆಯನ್ನು ನಿರೀಕ್ಷಿಸಿದ್ದ ಕಿವಿಗೆ ಶೋಕದ ಸಂಗೀತ ಕೇಳಿಸುತ್ತದೆ. ನಾನು ಮಾಡಿದ್ದು ಸರಿಯೇ ಎಂಬ ಅಳುಕು ಅಲ್ಲಿಯೇ ಶುರುವಾಗುತ್ತದೆ, ಕತೆ ಆ ಬಗ್ಗೆ ಇನ್ನೂ ಬಾಯಿಬಿಟ್ಟಿರುವುದಿಲ್ಲ.

ಇದಕ್ಕೆ ತಿರುಗುಮುರುಗಾದ ದಾರಿ ಹಿಡಿದು ಬಂದದ್ದು 1993ರ ‘ಮಿಸ್ಟ್’. ನಿರ್ಜನ ದ್ವೀಪದಲ್ಲಿ ಒಗಟುಗಳನ್ನು ಬಿಡಿಸುತ್ತ ಅಲೆಯುವ ಈ ಗೇಮ್‌ಗೆ ಸಂಗೀತ ಅಡ್ಡಿಯಾದೀತೆಂದು ಅದನ್ನು ಮಾಡಿದ ರ‍್ಯಾಂಡ್ ಮತ್ತು ರಾಬಿನ್ ಮಿಲ್ಲರ್ ಸಹೋದರರು ಮೊದಲಿಗೆ ಅದನ್ನು ಹಾಕುವ ಯೋಚನೆಯನ್ನೇ ಬಿಟ್ಟಿದ್ದರು. ಸ್ವಲ್ಪ ಪ್ರಯೋಗ ಮಾಡಿ ನೋಡಿದಾಗ ಕೆಲವು ಸ್ಥಳಗಳ ಭಾವಕ್ಕೆ ಅದು ನೆರವಾಗುತ್ತದೆಂದು ತಿಳಿದು, ರಾಬಿನ್ ಅವರೇ ಸಿಂತಸೈಜರಿನಲ್ಲಿ ಸಂಗೀತ ರಚಿಸಿದರು. ಹಾಡಿಕೊಳ್ಳಬಹುದಾದ ಧಾಟಿಗಳಿಗಿಂತ ಮಂದ್ರದಲ್ಲಿ ನಿಂತು ಮಿಡಿಯುವ ನಾದವೇ ಅಲ್ಲಿ ಹೆಚ್ಚು. ಒಗಟಿನ ಮುಂದೆ ಕುಳಿತವರ ಬುದ್ಧಿಯನ್ನು ಅದು ತನ್ನತ್ತ ಎಳೆಯುವುದಿಲ್ಲ, ಆದರೆ ಬೆನ್ನ ಹಿಂದೆ ಯಾರೋ ಇದ್ದಾರೆಂಬ ಶಂಕೆಯನ್ನು ಮಾತ್ರ ಬಿಡದೆ ಉಳಿಸುತ್ತದೆ. 2017ರ ‘ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಈ ಎರಡರ ನಡುವಿನದು: ಬಯಲಿನಲ್ಲಿ ಆಗೊಮ್ಮೆ ಈಗೊಮ್ಮೆ ಪಿಯಾನೊದ ನಾಲ್ಕಾರು ಸ್ವರ ಹನಿಹನಿಯಾಗಿ ಬಿದ್ದು ನಿಲ್ಲುತ್ತವೆ. ಆ ಸರಣಿಯ ಹಳೆಯ ಗೇಮ್‌ಗಳ ಉತ್ಸಾಹದ ಧಾಟಿಗೆ ಒಗ್ಗಿದ್ದ ಹಲವರಿಗೆ ಇದು ಮೊದಲು ಬರಡೆನಿಸಿತು. ನನಗೂ ಅನಿಸಿತ್ತು, ಬೆಟ್ಟವೊಂದನ್ನು ನಿಧಾನವಾಗಿ ಹತ್ತಿ ಇಳಿದ ಮೇಲೆ ಅಭಿಪ್ರಾಯ ಬದಲಾಯಿತು.

ಪ್ರಶ್ನೆ: ನಾನು ಮೆಟ್ರೊದಲ್ಲಿ ಓಡಾಡುವಾಗ ಧ್ವನಿ ಬಂದ್ ಮಾಡಿ ಗೇಮ್ ಆಡುತ್ತೇನೆ. ಏನಾದರೂ ಕಳೆದುಕೊಳ್ಳುತ್ತಿದ್ದೇನೆಯೇ?
– ಓದುಗರು, ಬೆಂಗಳೂರು

ಉತ್ತರ: ಬಣ್ಣಬಣ್ಣದ ಮಿಠಾಯಿ ಜೋಡಿಸುವ ಗೇಮ್ ಆದರೆ ಅಷ್ಟೇನಿಲ್ಲ. ಸಾಹಸದ ಗೇಮ್ ಆದರೆ ಕೆಲವೊಮ್ಮೆ ಕತೆಯನ್ನೇ ಕಳೆದುಕೊಳ್ಳುತ್ತೀರಿ. ಲ್ಯೂಕಾಸ್‌ಆರ್ಟ್ಸ್‌ನವರದೇ 1990ರ ‘ಲೂಮ್’ ಗೇಮ್‌ನಲ್ಲಿ ಮಂತ್ರಗಳೆಲ್ಲ ನಾಲ್ಕು ಸ್ವರಗಳ ಗುಚ್ಛಗಳು. ಕಠಿಣ ಹಂತವನ್ನು ಆರಿಸಿದರೆ ತೆರೆಯ ಮೇಲೆ ಗುರುತು ಮೂಡುವುದಿಲ್ಲ, ಕಿವಿಯಿಂದಲೇ ಹಿಡಿಯಬೇಕು. ಹಿನ್ನೆಲೆಗೆ ಚೈಕೋವ್‌ಸ್ಕಿಯವರ ‘ಸ್ವಾನ್ ಲೇಕ್’ ಬ್ಯಾಲೆಯ ಸಂಗೀತವನ್ನೇ ಬಳಸಿದ್ದಾರೆ.

ಇನ್ನೂ ಹತ್ತಿರದ ಉದಾಹರಣೆ 2019ರ ‘ಔಟರ್ ವೈಲ್ಡ್ಸ್’. (ಇನ್ನೂ ಆಡಿರದವರು, ಆಡುವ ಮನಸ್ಸಿದ್ದರೆ, ಈ ಪ್ಯಾರಾವನ್ನು ಹಾರಿಸಿ ಮುಂದಕ್ಕೆ ಹೋಗಿ.) ಪುಟ್ಟ ಸೌರವ್ಯೂಹವೊಂದರ ಬೇರೆಬೇರೆ ಕಡೆ ಚದುರಿಹೋದ ಪಯಣಿಗರಲ್ಲಿ ಒಬ್ಬರು ಬ್ಯಾಂಜೊ, ಒಬ್ಬರು ಕೊಳಲು, ಒಬ್ಬರು ಹಾರ್ಮೋನಿಕಾ, ಒಬ್ಬರು ತಾಳವಾದ್ಯ ನುಡಿಸುತ್ತ ಒಂಟಿಯಾಗಿ ಕುಳಿತಿರುತ್ತಾರೆ, ಇನ್ನೊಬ್ಬರು ಸಿಳ್ಳೆ ಹಾಕುತ್ತಾರೆ. ದೂರಕ್ಕೆ ಹೋಗಿ ಸಂಕೇತ ಹಿಡಿಯುವ ಸಾಧನವನ್ನು ಅವರೆಲ್ಲರತ್ತ ಒಟ್ಟಿಗೆ ತಿರುಗಿಸಿದರೆ, ಆ ಬಿಡಿ ಸದ್ದುಗಳು ಒಂದೇ ಹಾಡಿನ ಭಾಗಗಳೆಂದು ತಿಳಿಯುತ್ತದೆ. ಒಬ್ಬರಿಗೊಬ್ಬರು ಕಾಣದಷ್ಟು ದೂರದಲ್ಲಿರುವವರು ಒಂದೇ ಹಾಡನ್ನು ನುಡಿಸುತ್ತಿದ್ದಾರೆಂಬ ಅರಿವು ಕೊಡುವ ಆಪ್ತತೆಯನ್ನು ಯಾವ ಸಂಭಾಷಣೆಯೂ ಕೊಡಲಾರದು. ಇದೇ ಗೇಮ್‌ನಲ್ಲಿ ಪ್ರತಿ 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಆ ಗಳಿಗೆ ಸಮೀಪಿಸಿದಾಗ ಆಂಡ್ರ್ಯೂ ಪ್ರಾಲೊ ರಚಿಸಿದ ಒಂದು ಸಂಗೀತ ಮೆಲ್ಲಗೆ ಏಳುತ್ತದೆ. ಮೊದಲ ಸಲ ಅದು ಬರೀ ಹಿನ್ನೆಲೆ. ನಾಲ್ಕನೆಯ ಸಲಕ್ಕೆ, ಗುಹೆಯ ಆಳದಲ್ಲಿ ಆಕಾಶ ಕಾಣದೆ ಇದ್ದರೂ, ಅದರ ಮೊದಲ ಸ್ವರಕ್ಕೇ ಹೊಟ್ಟೆಯೊಳಗೆ ತಳಮಳ ಹುಟ್ಟುತ್ತದೆ. ಅದು ಅವಸರದ ಸಂಗೀತವೂ ಅಲ್ಲ, ಭಯದ್ದೂ ಅಲ್ಲ; ಮತ್ತೆಮತ್ತೆ ಅದರ ಬೆನ್ನಿಗೆ ನಡೆದ ಘಟನೆಯೇ ಅದಕ್ಕೆ ಅರ್ಥ ತುಂಬಿರುತ್ತದೆ. ಆದ್ದರಿಂದ ಒಂದು ಇಯರ್‌ಫೋನ್ ಕೊಂಡುಕೊಳ್ಳಿ. ನಿಲ್ದಾಣದ ಘೋಷಣೆ ಕೇಳಿಸುವಂತೆ ಒಂದು ಕಿವಿಯನ್ನು ತೆರೆದಿಡಿ.

ಪ್ರಶ್ನೆ: ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಗೆಳೆಯರು ಮಾಡುತ್ತಿರುವ ಪುಟ್ಟ ಸಾಹಸದ ಗೇಮ್‌ಗೆ ಸಂಗೀತ ಕೂಡಿಸಬೇಕಾಗಿದೆ. ನಮ್ಮ ರಾಗಪದ್ಧತಿ ಇದಕ್ಕೆ ಒಗ್ಗುತ್ತದೆಯೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಗ್ಗುತ್ತದೆ, ಮತ್ತು ಕೆಲವು ತೊಡಕುಗಳಿಗೆ ನಿಮ್ಮಲ್ಲಿ ಮೊದಲೇ ಉತ್ತರಗಳಿವೆ. 1998ರ ಜೆಲ್ಡಾ ಗೇಮ್ ‘ಆಕರಿನಾ ಆಫ್ ಟೈಮ್’ನಲ್ಲಿ ಸಂಯೋಜಕ ಕೋಜಿ ಕೊಂಡೊ ದೊಡ್ಡ ಬಯಲಿನ ಸಂಗೀತವನ್ನು ಒಂದೇ ಉದ್ದದ ಹಾಡಾಗಿ ಬರೆಯದೆ, ಎಂಟೆಂಟು ಬಾರ್‌ಗಳ (ಪಾಶ್ಚಾತ್ಯ ಸಂಗೀತದ ಪುಟ್ಟ ತಾಳಘಟಕಗಳ) ಹಲವು ತುಣುಕುಗಳಾಗಿ ಬರೆದರು. ಗೇಮ್ ಅವನ್ನು ಒಂದೊಂದು ಸಲ ಒಂದೊಂದು ಅನುಕ್ರಮದಲ್ಲಿ ಜೋಡಿಸುತ್ತದೆ. ಶತ್ರು ಸಮೀಪಿಸಿದರೆ ಉದ್ವೇಗದ ತುಣುಕು, ನಾಯಕ ಸುಮ್ಮನೆ ನಿಂತರೆ ಶಾಂತವಾದದ್ದು. ಯಾವ ತುಣುಕಿನ ಬೆನ್ನಿಗೆ ಯಾವುದು ಬಂದರೂ ಹೊಂದಬೇಕೆಂಬುದು ಇಲ್ಲಿಯ ಕಟ್ಟಳೆ. ಒಂದೇ ಶ್ರುತಿಯಲ್ಲಿ, ಒಂದೇ ರಾಗದ ಚಲನೆಯಲ್ಲಿ, ನ್ಯಾಸಸ್ವರದ ಮೇಲೆ ಬಂದು ನಿಲ್ಲುವ ಆಲಾಪದ ತುಣುಕುಗಳು ಈ ಕಟ್ಟಳೆಯನ್ನು ಹೆಚ್ಚು ಪ್ರಯಾಸವಿಲ್ಲದೆ ಪಾಲಿಸುತ್ತವೆ. ತಾಳವಿರುವ ಭಾಗದಲ್ಲಾದರೆ ಬದಲಾವಣೆ ಸಮದ ಮೇಲೆ, ಅಂದರೆ ಆವರ್ತನದ ಮೊದಲ ಮಾತ್ರೆಯ ಮೇಲೆ, ಆಗುವಂತೆ ನೋಡಿಕೊಳ್ಳಿ. ತೀರ ನಿಧಾನಗತಿಯ ವಿಲಂಬಿತ ಏಕತಾಲದ ಸಮಕ್ಕೆ ಕಾಯುತ್ತ ಕುಳಿತರೆ ಅಷ್ಟರಲ್ಲಿ ಹುಲಿ ನಾಯಕನನ್ನು ತಿಂದು ಮುಗಿಸಿರುತ್ತದೆ. ಅಪಾಯದ ಜಾಗಗಳಿಗೆ ಚಿಕ್ಕ ಆವರ್ತನದ ತಾಳವೇ ಸರಿ.

ಇನ್ನೊಂದು ದಾರಿ ಪದರಗಳದ್ದು. ತಂಬೂರಿ, ಸಾರಂಗಿ, ತಬಲಾ ಇವುಗಳನ್ನು ಬೇರೆಬೇರೆಯಾಗಿ, ಆದರೆ ಒಂದೇ ಗತಿಯಲ್ಲಿ ಮುದ್ರಿಸಿ, ಎಲ್ಲವನ್ನೂ ಏಕಕಾಲಕ್ಕೆ ಓಡಿಸಿ, ಸನ್ನಿವೇಶ ಬಿಗಿಯಾದಂತೆ ಒಂದೊಂದರ ಧ್ವನಿಯನ್ನು ಏರಿಸುವುದು. ಎಫ್‌ಮಾಡ್, ವೈಸ್ ಎಂಬ ತಂತ್ರಾಂಶಗಳು ಇಂಥ ಕೆಲಸಕ್ಕೆಂದೇ ಇವೆ. ಗೆಳೆಯರಲ್ಲಿ ಪ್ರೋಗ್ರಾಮಿಂಗ್ ನೋಡಿಕೊಳ್ಳುವವರನ್ನು ಈಗಲೇ ಜೊತೆಗೆ ಕೂರಿಸಿಕೊಳ್ಳಿ. ಪುಣೆಯ ನಾಡಿಂಗ್ ಹೆಡ್ಸ್ ತಂಡದ 2020ರ ‘ರಾಜಿ’ ಗೇಮ್ ನಮ್ಮ ಪುರಾಣಗಳ ಲೋಕವನ್ನು ಕಟ್ಟಿದೆ. ಅದರ ಸಂಗೀತ ಸಂಯೋಜಕ ಗ್ರೀಸ್‌ನ ಲೀನೊಸ್ ತ್ಸೆಲೋಸ್. ನಮ್ಮ ವಾದ್ಯಗಳು ಗೇಮ್ ಲೋಕದಲ್ಲಿ ಹೇಗೆ ಕೇಳಿಸುತ್ತವೆಂದು ತಿಳಿಯಲು ಅದನ್ನು ಒಮ್ಮೆ ಆಡಿ ನೋಡಿ.

ರಾಗಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಭೈರವ ಎಂದರೆ ಬೆಳಗು, ಮಾರ್ವಾ ಎಂದರೆ ಮುಸ್ಸಂಜೆ ಎಂಬ ನಂಟು ಕಛೇರಿ ಕೇಳಿ ಬೆಳೆದವರಿಗೆ ಮಾತ್ರ ತಟ್ಟುತ್ತದೆ. ಬೇರೆಯವರಿಗೆ ಅದನ್ನು ನಿಮ್ಮ ಗೇಮ್ ತಾನೇ ಕಲಿಸಬೇಕು, ಔಟರ್ ವೈಲ್ಡ್ಸ್ ತನ್ನ ಕೊನೆಗಳಿಗೆಯ ಸಂಗೀತವನ್ನು ಕಲಿಸಿದಂತೆ. ತುಣುಕುಗಳು ಸಿದ್ಧವಾದ ಮೇಲೆ ಅವನ್ನು ಅದಲುಬದಲಾಗಿ ಅರ್ಧ ಗಂಟೆ ಓಡಲು ಬಿಟ್ಟು, ಪಾತ್ರೆ ತೊಳೆಯುತ್ತಲೋ ಬಟ್ಟೆ ಮಡಿಸುತ್ತಲೋ ಕೇಳಿ. ಕಷ್ಟಪಟ್ಟು ಹಾಕಿದ ಚಂದದ ತಾನವೊಂದು ಮೂರನೆಯ ಸಲಕ್ಕೇ ಕೈಕೆಲಸ ನಿಲ್ಲಿಸಿ ತಲೆಯೆತ್ತುವಂತೆ ಮಾಡಿದರೆ, ಅದನ್ನು ಕಛೇರಿಗೆ ಉಳಿಸಿಕೊಂಡು ಗೇಮ್‌ನಿಂದ ತೆಗೆದುಬಿಡಿ.