ತೋಟ ನಮ್ಮದು, ಗುಡ್ಡೆ ಸರಕಾರದ್ದು

ಕೇರಳದಲ್ಲಿ ಭೂಸುಧಾರಣೆ ಅಷ್ಟು ಚೆನ್ನಾಗಿ ಆಗಿರುವಾಗ ನಿಮಗಿನ್ನೆಂಥ ಜಾಗದ ತಕರಾರು, ಅಷ್ಟು ಕಷ್ಟವಾದರೆ ಇತ್ತ ಕರ್ನಾಟಕಕ್ಕೆ ಬಂದುಬಿಡಿ ಎಂದೆಯಲ್ಲ. ಮಾರಾಯ, ನಾವು ಎಲ್ಲಿಗೂ ಹೋದವರಲ್ಲ. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತು. ನಮ್ಮ ಅಜ್ಜ ಹಿಂದಿನ ದಿನ ಕುಳಿತಿದ್ದ ಜಗಲಿಯಲ್ಲೇ ಕುಳಿತಿದ್ದರು.

ಭೂಸುಧಾರಣೆಯ ಮಾತು ಸುಳ್ಳಲ್ಲ. ಇಲ್ಲಿ 1970ರ ಜನವರಿ 1ಕ್ಕೇ ಗೇಣಿ ರದ್ದಾಯಿತು, ನಿಮ್ಮಲ್ಲಿ 1974ರಲ್ಲಿ. ಧಣಿ ಬೇಕೆಂದಾಗ ಬಿಡಿಸಬಹುದಾದ ಚಾಲಗೇಣಿಯಲ್ಲಿದ್ದ ಅಜ್ಜನ ಕೈಗೆ ಪಟ್ಟಯ, ಅಂದರೆ ಒಡೆತನದ ಪತ್ರ ಬಂತು. ಅದೇ ಕಾನೂನಿನ ಕುಡಿಕಿಡಪ್ಪು ಹಕ್ಕಿನಂತೆ ನಮ್ಮಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೆಲಸದವರಿಗೆ ಹತ್ತು ಸೆಂಟ್ಸ್ ಬಿಟ್ಟುಕೊಡುವಾಗ ಮಾತ್ರ ಅಜ್ಜನಿಗೆ ಭೂಸುಧಾರಣೆ ಅಷ್ಟೊಂದು ರುಚಿಸಲಿಲ್ಲವಂತೆ.

ಸಿಕ್ಕು ಇರುವುದು ಬೇರೆ ಕಡೆ. ನಮ್ಮಲ್ಲಿ ತೋಟ ತಗ್ಗಿನಲ್ಲಿ, ಸುತ್ತ ಗುಡ್ಡೆ. ಸೊಪ್ಪು, ತರಗೆಲೆ, ಕಟ್ಟಿಗೆ ಎಲ್ಲ ಗುಡ್ಡೆಯಿಂದ, ನೀರೂ ಅಲ್ಲಿಂದಲೇ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಗುಡ್ಡೆಗೆ ಅಡ್ಡಲಾಗಿ, ಒಬ್ಬ ಆಳು ನಡೆದುಹೋಗುವಷ್ಟು ಎತ್ತರಕ್ಕೆ ಸುರಂಗ ಕೊರೆಯುತ್ತಾರೆ. ಒಬ್ಬ ಪಿಕ್ಕಾಸಿನಿಂದ ಅಗೆದರೆ ಇನ್ನೊಬ್ಬ ಮಣ್ಣು ಹೊರಗೆ ಸಾಗಿಸುತ್ತಾನೆ. ಒಳಗಿಟ್ಟ ದೀಪ ಮಂಕಾದರೆ ಗಾಳಿ ಸಾಲದೆಂದು ಇಬ್ಬರೂ ಹೊರಗೆ ಬರಬೇಕು. ನೀರು ಸಿಕ್ಕಿತೋ, ಪಂಪು ಬೇಡ, ಕರೆಂಟು ಬೇಡ, ತಾನಾಗಿ ಹರಿದು ಕೆರೆಗೆ ಬೀಳುತ್ತದೆ. ನಮ್ಮ ಸುರಂಗದ ಬಾಯಿ ತೋಟದಲ್ಲಿದೆ, ಹೊಟ್ಟೆ ಕುಮ್ಕಿಯಲ್ಲಿದೆ.

ಕುಮ್ಕಿ ಅಂದರೆ ಹಳೆಯ ವರ್ಗ ಜಾಗಕ್ಕೆ, ಅಂದರೆ ತೀರ್ವೆ ಕಟ್ಟುವ ಸ್ವಂತ ಜಾಗಕ್ಕೆ ತಾಗಿ ನೂರು ಗಜದೊಳಗಿನ ಸರಕಾರಿ ಜಾಗ. ಬ್ರಿಟಿಷರ ಕಾಲದಿಂದಲೂ ಅಲ್ಲಿ ಸೊಪ್ಪು ಕಡಿಯಬಹುದು, ದನ ಬಿಡಬಹುದು. ಒಡೆತನ ಮಾತ್ರ ಇಲ್ಲ. ಭೂಸುಧಾರಣೆ ಧಣಿಗಳ ಜಾಗ ಹಂಚಿತು, ಸರಕಾರವೇ ಧಣಿಯಾಗಿದ್ದಲ್ಲಿಗೆ ಕೈ ಹಾಕಲಿಲ್ಲ. ಅರ್ಜಿ ಕೊಟ್ಟು ಹೆಸರಿಗೆ ಮಾಡಿಸಿಕೊಳ್ಳಲು ದಾರಿಯಿದೆ ಎನ್ನುತ್ತಾರೆ. ಇದೆ, ಕಚೇರಿಯ ಮೆಟ್ಟಿಲಿನವರೆಗೆ. ಜಾಗದ ಹಳೆಯ ದಾಖಲೆಯಾದ ಅಡಂಗಲ್ ಕನ್ನಡದಲ್ಲಿದೆ, ತೆಂಕಣದಿಂದ ಬಂದ ಅಧಿಕಾರಿಗೆ ಕನ್ನಡ ಬಾರದು. ಕುಮ್ಕಿಯ ಹೆಸರನ್ನೂ ಅವರು ಇಲ್ಲಿಗೆ ಬಂದೇ ಕೇಳಿದ್ದು, ಅವರ ಊರಿನಲ್ಲಿ ಅದಿಲ್ಲ. ಪಾಪ, ಒಳ್ಳೆಯವರೇ. ನಾನು ಕುಳಿತು ವಿವರಿಸುತ್ತೇನೆ, ಅವರಿಗೆ ಅರ್ಥವಾಗುತ್ತದೆ, ಅಷ್ಟರಲ್ಲಿ ವರ್ಗಾವಣೆ ಬರುತ್ತದೆ. ಭಾಷಾ ಅಲ್ಪಸಂಖ್ಯಾತರಾದ ನಾವು ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದೆಂದು ಕಾನೂನಿದೆ. ಉತ್ತರ ಬರುತ್ತದೆ, ಮಲಯಾಳದಲ್ಲಿ.

2022ರ ಕೊನೆಗೆ ಡಿಜಿಟಲ್ ಮರುಸರ್ವೆ ಬೇರೆ ಶುರುವಾಯಿತು. ಸರ್ವೆಯವರು ಉಪಕರಣ ಊರಿ ಮೂಲೆ ಮೂಲೆ ಅಳೆದರು. ಸುರಂಗ ಎಲ್ಲಿ ಬರೆಯುತ್ತೀರಿ ಎಂದು ಕೇಳಿದೆ. ಆ ಹುಡುಗ ಬಗ್ಗಿ ಒಳಗೆ ಇಣುಕಿ, ತನ್ನ ಯಂತ್ರ ಆಕಾಶದ ಉಪಗ್ರಹ ನೋಡುತ್ತದೆ, ನೆಲದೊಳಗಿನದು ಅದಕ್ಕೆ ಕಾಣದು ಎಂದ. ನ್ಯಾಯವೇ.

ನನಗೆ ಸಿಟ್ಟು ಬರುವುದು ಇದಕ್ಕಲ್ಲ. ಇದೇ ಎಣ್ಮಕಜೆಯ ಕಡೆಯ ಗುಡ್ಡೆಗಳಲ್ಲಿ ಸರಕಾರಿ ಗೇರು ತೋಟ ಎಬ್ಬಿಸಿ, 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷ ಸುರಿದರು. ಕೆಳಗಿನ ತೋಡು, ಕೆರೆ, ಸುರಂಗ, ಮಕ್ಕಳು ಯಾರ ಲೆಕ್ಕಕ್ಕೂ ಬರಲಿಲ್ಲ. ನಾನು ಒಂದು ಹೊರೆ ಸೊಪ್ಪು ಕಡಿದರೆ ಮಾತ್ರ ಗುಡ್ಡೆ ಯಾರದೆಂಬ ಪ್ರಶ್ನೆ ಏಳುತ್ತದೆ.

ಅರ್ಜಿಯನ್ನು ಮತ್ತೆ ಕೊಟ್ಟಿದ್ದೇನೆ, ಕನ್ನಡದಲ್ಲೇ. ಮಗಳಿಗೆ ಮಲಯಾಳ ನೀರು ಕುಡಿದಷ್ಟು ಸುಲಭ, ಬರೆದುಕೊಡಲೇ ಎಂದಳು, ಬೇಡ ಎಂದೆ. ಹಠವೆಂದು ನೀನು ನಗಬಹುದು. ಆದರೆ ಗಡಿ ದಾಟಿದರೆ ಎಲ್ಲ ಸಲೀಸು ಎಂದುಕೊಳ್ಳಬೇಡ. ಪುತ್ತೂರು, ಸುಳ್ಯದ ನಮ್ಮ ನೆಂಟರೂ ಇದೇ ಕುಮ್ಕಿಗಾಗಿ ಕಚೇರಿ ಅಲೆಯುತ್ತಿದ್ದಾರೆ, ಅವರ ಕಡತವೆಲ್ಲ ಅಚ್ಚ ಕನ್ನಡದಲ್ಲೇ ಇದೆ.