ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.1 ಇದೆ, ಮಾತ್ರೆ ಕೊಟ್ಟಿಲ್ಲ. ನಡೆದರೆ ಮೆದುಳಿಗೂ ಒಳ್ಳೆಯದಾ?

ಅಮ್ಮನಿಗೆ ಮರೆವಿನ ಕಾಯಿಲೆ ಇತ್ತು, ಈಗ ನನಗೂ ಬಾರ್ಡರ್ ಶುಗರ್ ಅಂತಿದ್ದಾರೆ, ಭಯ ಆಗ್ತಿದೆ ಎಂದು ಬರೆದಿದ್ದೀರಿ. ನಾನು ಫಿಸಿಯೋಥೆರಪಿಸ್ಟ್. ಮಾತ್ರೆ ಬರೆದಿಲ್ಲ ಅಂದ ಮಾತ್ರಕ್ಕೆ ಚಿಕಿತ್ಸೆ ಶುರುವಾಗಿಲ್ಲ ಅಂದುಕೊಳ್ಳಬೇಡಿ. ಈ ಹಂತದಲ್ಲಿ ವ್ಯಾಯಾಮವೇ ಚಿಕಿತ್ಸೆ.

ಮೆದುಳು ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಅಷ್ಟೇ. ಆದರೆ ಸುಮ್ನೆ ಕೂತಾಗಲೂ ದೇಹ ಬಳಸುವ ಶಕ್ತಿಯಲ್ಲಿ ಐದನೇ ಒಂದು ಭಾಗ ಅದಕ್ಕೇ ಬೇಕು. ಅಲ್ಲಿಗೆ ಗ್ಲುಕೋಸ್ ಹೋಗಲು ಬಹುಮಟ್ಟಿಗೆ ಇನ್ಸುಲಿನ್ ಬೇಕಿಲ್ಲ. ಹಾಗಾಗಿ ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ಬಂದರೆ ಮೆದುಳು ಉಪವಾಸ ಬೀಳುತ್ತದೆ ಅನ್ನುವ ಮಾತು ಸರಿಯಲ್ಲ. ಆದರೆ ನೆನಪಿನ ಕೆಲಸ ಮಾಡುವ ಹಿಪ್ಪೊಕ್ಯಾಂಪಸ್‌ನ ನರಕೋಶಗಳು ಇನ್ಸುಲಿನ್ನಿಗೆ ಸ್ಪಂದಿಸುತ್ತವೆ. ಆ ಸ್ಪಂದನ ಕುಗ್ಗಿದರೆ ಅವುಗಳ ಕೆಲಸಕ್ಕೂ ಪೆಟ್ಟು. ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ದರೆ ಮೆದುಳಿನ ಸಣ್ಣ ರಕ್ತನಾಳಗಳೂ ಹಾಳಾಗುತ್ತವೆ. ಡಯಾಬಿಟಿಸ್ ಇರುವವರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಜಾಸ್ತಿ ಕಾಣುವುದು ಸುಳ್ಳಲ್ಲ.

ಇನ್ನು ಸ್ನಾಯುವಿನ ವಿಷಯ. ಗ್ಲುಟ್4 ಅನ್ನುವ ಪ್ರೋಟೀನ್ ಸ್ನಾಯುಕೋಶದ ಮೇಲ್ಮೈಗೆ ಬಂದರೆ ರಕ್ತದ ಗ್ಲುಕೋಸ್ ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ಅದನ್ನು ಕರೆತರುವುದು ಇನ್ಸುಲಿನ್, ನಿಮ್ಮಲ್ಲಿ ಸೊರಗಿರುವುದು ಇನ್ಸುಲಿನ್ನಿನ ಈ ಕೆಲಸವೇ. ಆದರೆ ಸ್ನಾಯು ದುಡಿಯುವಾಗ ಇನ್ಸುಲಿನ್ ಇಲ್ಲದೆಯೂ ಗ್ಲುಟ್4 ಮೇಲೆ ಬರುತ್ತದೆ! ನನಗೆ ಇದು ಈಗಲೂ ಅಚ್ಚರಿಯೇ. ವ್ಯಾಯಾಮ ನಿಲ್ಲಿಸಿದ ಮೇಲೂ ಒಂದೆರಡು ದಿನ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೇ ಎರಡು ದಿನ ಒಟ್ಟಿಗೆ ತಪ್ಪಿಸಬೇಡಿ ಅನ್ನುವುದು.

ಅಮೆರಿಕದ 2002ರ ದೊಡ್ಡ ಅಧ್ಯಯನದಲ್ಲಿ ವಾರಕ್ಕೆ 150 ನಿಮಿಷದ ವ್ಯಾಯಾಮ, ಜೊತೆಗೆ ತೂಕ ಇಳಿಸುವುದು ಸೇರಿ ಡಯಾಬಿಟಿಸ್ ಬರುವುದನ್ನು ಶೇ. 58ರಷ್ಟು ತಗ್ಗಿಸಿದವು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯಿಂದ ಆದದ್ದು ಶೇ. 31. ಭಾರತೀಯರ ಮೇಲೆ ನಡೆದ 2006ರ ಅಧ್ಯಯನದಲ್ಲಿ ಜೀವನಶೈಲಿ ಬದಲಾವಣೆಯ ಲಾಭ ಶೇ. 28ರ ಆಸುಪಾಸು. ಮೆದುಳಿನ ಮಟ್ಟಿಗೆ, 2011ರಲ್ಲಿ 120 ಹಿರಿಯರ ಮೇಲೆ ನಡೆದ ಪ್ರಯೋಗದಲ್ಲಿ ಒಂದು ವರ್ಷ ನಡೆದವರ ಹಿಪ್ಪೊಕ್ಯಾಂಪಸ್ ಶೇ. 2ರಷ್ಟು ಬೆಳೆದಿತ್ತು. ಇಷ್ಟರಿಂದಲೇ ಅಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆ ಬರುವುದಿಲ್ಲ ಎಂದು ನಾನು ಮಾತು ಕೊಡಲಾರೆ. ಆದರೆ ಶುಗರ್ ಹತೋಟಿಗೆ ಬರುವುದಂತೂ ಲಾಭವೇ ಅಲ್ವಾ?

ಊಟ ಆದ ಮೇಲೆ 15 ನಿಮಿಷ ಚುರುಕಾಗಿ ನಡೆಯಿರಿ. ವಾರಕ್ಕೆರಡು ದಿನ ತೊಡೆಗೆ ಕೆಲಸ ಕೊಡಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದೂ ಸಾಕು. ನಡೆಯುವಾಗ ಎದೆ ಹಿಡಿದರೆ ಮೊದಲು ಡಾಕ್ಟರಿಗೆ ತೋರಿಸಿ. ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ ಮತ್ತೆ ಮಾಡಿಸಿ. ಮರೆವು ಈಗಲೇ ಕಾಣಿಸುತ್ತಿದ್ದರೆ ಬಿ12, ಥೈರಾಯ್ಡ್ ಎರಡನ್ನೂ ನೋಡಿಸಿ. ಅವುಗಳಿಂದ ಬರುವ ಮರೆವಿಗೆ ಔಷಧಿ ಇದೆ.